ಗಾಡಿ ಕಾಲೋನಿಗೆ ಎಷ್ಟೊತ್ತಿಗೆ ಬತ್ತದೆ?

ಬೆಳಿಗ್ಗೆ ಆರೂಮುಕ್ಕಾಲಿಗೇ ಪಂಚಾಯಿತಿ ಗೇಟು ತೆರೆದಿತ್ತು. ಕಚೇರಿ ಬಾಗಿಲು ತೆಗೆಯಲು ಇನ್ನೂ ಮೂರು ಗಂಟೆ ಇದೆ. ಗೇಟು ತೆಗೆದದ್ದು ಗಾಡಿಗಾಗಿ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಅಂಗಿಯ ಮೇಲೆ ಹೊಳೆಯುವ ಪಟ್ಟಿಯ ಜಾಕೆಟ್ಟು ತೊಟ್ಟಿದ್ದ ಹೆಂಗಸು ಟೈರಿಗೆ ಕಾಲಲ್ಲಿ ಒದ್ದು ಗಾಳಿ ನೋಡಿದಳು, ಗಾಜಿಗೆ ಒಂದು ಚೊಂಬು ನೀರು ಎರಚಿದಳು, ಸ್ಟೇರಿಂಗಿಗೆ ಕೈಮುಗಿದು ಹತ್ತಿ ಕೂತಳು. ಪಕ್ಕದಲ್ಲಿ ಆಕೆಯ ಸ್ವಸಹಾಯ ಸಂಘದವಳೇ ಆದ ಇನ್ನೊಬ್ಬಾಕೆ, ವಯಸ್ಸಲ್ಲಿ ದೊಡ್ಡವಳು. ಹಿಂದಿನ ಡಬ್ಬದಲ್ಲಿ ಎರಡು ಖಾನೆ, ಹಸಿ ಕಸಕ್ಕೊಂದು, ಒಣ ಕಸಕ್ಕೊಂದು. ಮೈಕಿನಲ್ಲಿ ಸ್ವಚ್ಛತೆಯ ಹಾಡು ಶುರುವಾಯಿತು. ಊರಿನ ನಾಯಿಗಳಿಗೂ ಈಗ ಆ ಹಾಡು ಬಾಯಿಪಾಠ ಆಗಿರಬೇಕು, ಒಂದೂ ಬೊಗಳಲಿಲ್ಲ.

ನಾನು ತುಮಕೂರು ಕಡೆಯ ಈ ಊರಲ್ಲಿ ಹುಟ್ಟಿದವನು. ಹಬ್ಬಕ್ಕೆ ಬಂದವನು ಕೆಲವು ದಿನ ಹೆಚ್ಚಿಗೆ ಉಳಿದುಕೊಂಡು ಗಾಡಿಯ ಹಿಂದೆ ಸ್ಕೂಟರಿನಲ್ಲಿ ಸುತ್ತಿದೆ. ಮೊದಲು ದೊಡ್ಡಬೀದಿ. ಆಮೇಲೆ ದೇವಸ್ಥಾನದ ಬೀದಿ. ಅಲ್ಲಿಂದ ಬಸ್ ಸ್ಟ್ಯಾಂಡಿನ ಹೋಟೆಲು, ಬೇಕರಿ, ಕೋಳಿ ಅಂಗಡಿ. ಆಮೇಲೆ ಹೈಸ್ಕೂಲಿನ ಹಿಂದಿನ ಹೊಸ ಬಡಾವಣೆ. ಪ್ರತಿ ಮನೆ ಮುಂದೆ ಅದೇ ಮಾತು: "ಅಕ್ಕೋ, ಹಸೀದು ಒಣದು ಬ್ಯಾರೆ ಮಾಡ್ಕೊಡಿ." ಪ್ರತಿ ಮೂರನೇ ಮನೆಯಲ್ಲಿ ಅದೇ ಉತ್ತರ: "ನಾಳೆಯಿಂದ ಮಾಡ್ತೀನಿ ಹೋಗಮ್ಮ." ಒಬ್ಬರು ಹಿರಿಯರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದವರು ತಲೆ ಎತ್ತದೆ, "ಅಲ್ಲೇ ಇದೆ ನೋಡು, ತಗೊಂಡು ಹೋಗು" ಅಂದರು. ಬಕೆಟ್ಟು ಅವರ ಕಾಲಿನಿಂದ ಎರಡು ಮೊಳ ದೂರವಿತ್ತು.

ಗಾಡಿ ಪರಿಶಿಷ್ಟರ ಕಾಲೋನಿಯ ತಿರುವಿಗೆ ಬಂದಾಗ ಹತ್ತೂಕಾಲು. ಗಾರ್ಮೆಂಟ್ಸ್ ಬಸ್ಸು ಬೆಳಿಗ್ಗೆ ಏಳಕ್ಕೇ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಹೋಗಿಯಾಗಿದೆ. ಉಳಿದವರು ತೋಟದ ಕೂಲಿಗೆ, ಗಾರೆ ಕೆಲಸಕ್ಕೆ ಹೋಗಿದ್ದಾರೆ. ಹತ್ತು ಮನೆಯಲ್ಲಿ ಏಳಕ್ಕೆ ಬೀಗ. ಬಕೆಟ್ಟು ಹೊರಗಿಟ್ಟು ಹೋದರೆ ನಾಯಿ ಉರುಳಿಸುತ್ತವೆ. ಹಾಗಾಗಿ ಮಂದಿ ರಾತ್ರಿಯೇ ಕಸವನ್ನು ಕೆರೆ ಏರಿಯ ಕೆಳಗಿನ ಹಳ್ಳಕ್ಕೆ ಸುರಿದು ಬರುತ್ತಾರೆ. ಗಾಡಿ ನಡೆಸುವ ಹೆಂಗಸಿನ ಮನೆ ಇರುವುದೂ ಇದೇ ಕಾಲೋನಿಯಲ್ಲಿ. ಅವಳ ಮನೆಗೂ ಬೀಗ. ಅವಳ ಮನೆಯ ಕಸವೂ ಹಳ್ಳಕ್ಕೇ.

ಮಧ್ಯಾಹ್ನ ಕಚೇರಿಯಲ್ಲಿ ಕೇಳಿದರೆ ಬಿಲ್ ಕಲೆಕ್ಟರ್ ರಿಜಿಸ್ಟರ್ ತೆಗೆದು ತೋರಿಸಿದ. "ಕಾಲೋನಿಯವರು ಕಸ ಕೊಡಲ್ಲ ಸಾ, ಶುಲ್ಕಾನೂ ಕೊಡಲ್ಲ. ಸಹಕಾರ ಇಲ್ಲ." ಆ ರಿಜಿಸ್ಟರಿನ ಪ್ರಕಾರ ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಗಾಡಿ ಎಷ್ಟು ಗಂಟೆಗೆ ಯಾವ ಬೀದಿಗೆ ಹೋಗುತ್ತದೆ ಎಂದು ಬರೆಯಲು ಅದರಲ್ಲಿ ಕಾಲಮ್ಮೇ ಇಲ್ಲ.

ಅದೇ ಕಚೇರಿಯ ಗೋಡೆಯ ಮೇಲೆ ಬಣ್ಣಬಣ್ಣದ ಚೌಕಗಳ ಒಂದು ಪೋಸ್ಟರ್ ಇದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳು. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಈ ಹದಿನೇಳನ್ನು ಹಳ್ಳಿಗೆ ಹೊಂದುವಂತೆ ಒಂಬತ್ತು ವಿಷಯಗಳಾಗಿ ಕಟ್ಟಿಕೊಟ್ಟಿದೆ. ಬಡತನವಿಲ್ಲದ ಗ್ರಾಮ, ನೀರು ಸಾಕಷ್ಟಿರುವ ಗ್ರಾಮ, ಸ್ವಚ್ಛ ಹಸಿರು ಗ್ರಾಮ, ಮಹಿಳಾಸ್ನೇಹಿ ಗ್ರಾಮ, ಸಾಮಾಜಿಕ ನ್ಯಾಯ ಮತ್ತು ಭದ್ರತೆ ಇರುವ ಗ್ರಾಮ ಹೀಗೆ. ಕರ್ನಾಟಕದಲ್ಲಿ ಪಂಚಾಯಿತಿಗಳು 'ನಮ್ಮ ಗ್ರಾಮ ನಮ್ಮ ಯೋಜನೆ'ಯಲ್ಲಿ ಇವಕ್ಕೆ ಜಾಗ ಮಾಡಬೇಕು. ಯಾರನ್ನೂ ಹಿಂದೆ ಬಿಡಬಾರದು ಅನ್ನುವುದು ಆ ಹದಿನೇಳು ಗುರಿಗಳ ಬೀಜಮಂತ್ರ. ನಮ್ಮೂರ ಗಾಡಿ ಯಾರನ್ನೂ ಬಿಟ್ಟಿಲ್ಲ, ನಿಜ. ಕೊನೆಗೆ ಇಟ್ಟಿದೆ, ಅಷ್ಟೇ.

ಕಸ ಬಿಟ್ಟು ಬೇರೆ ವಿಷಯ ಹಿಡಿದು ಈ ಲೇಖನ ಬರೆಯಬಹುದಿತ್ತು. ಕುಡಿಯುವ ನೀರಿದೆ, ಬೀದಿದೀಪ ಇದೆ, ನಿವೇಶನ ಹಂಚಿಕೆಯಂತೂ ಇದ್ದೇ ಇದೆ. ಆದರೆ ಪರಿಸರದ ಮಾತು, ಜಾತಿಯ ಮಾತು, ಹೆಂಗಸರ ಮಾತು ಮೂರೂ ಒಂದೇ ಬುಟ್ಟಿಗೆ ಬೀಳುವುದು ಕಸದಲ್ಲಿ. ನಗರಸಭೆಯಂಥ ಸ್ಥಳೀಯ ಸಂಸ್ಥೆ ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸವೂ ಇದೇ. ಮಾಡಿಸಿಕೊಂಡು ಬಂದ ಕೆಲಸ ಎನ್ನುವುದು ಹೆಚ್ಚು ಸರಿ.

ಯಾರಿಂದ ಮಾಡಿಸಿತು ಎಂಬುದಕ್ಕೆ ಕರ್ನಾಟಕದಲ್ಲಿ ಉದ್ದದ ಚರಿತ್ರೆ ಇದೆ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಮಟ್ಟದಲ್ಲಿ ಕಾನೂನು ಬಂದದ್ದು 1993ರಲ್ಲಿ, ಅದಕ್ಕೆ ಹಲ್ಲು ಬಂದದ್ದು 2013ರ ಕಾಯ್ದೆಯಲ್ಲಿ. ಅಂದರೆ ನಮ್ಮ ರಾಜ್ಯ ಇಪ್ಪತ್ತು ವರ್ಷ ಮುಂದಿತ್ತು. ಅದೇ 1970ರ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕನ್ನು ಕೂಲಂಕಷವಾಗಿ ನೋಡಿ ವರದಿ ಕೊಟ್ಟಿತು. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕು ಎಂದು ಅದು ಹೇಳಿತ್ತು. ಸರ್ಕಾರ ಆಮೇಲೆ ಅದನ್ನು 700ಕ್ಕೆ ಒಬ್ಬ ಎಂದು ಹಿಗ್ಗಿಸಿತು. ಪೌರಕಾರ್ಮಿಕರ ಸಂಘಗಳ ಸಭೆಗೆ ಇವತ್ತು ಹೋದರೂ 'ಸಾಲಪ್ಪ ವರದಿ' ಎಂಬ ಹೆಸರು ಮಂತ್ರದ ಹಾಗೆ ಕೇಳುತ್ತದೆ. ಐವತ್ತು ವರ್ಷದ ಹಿಂದಿನ ವರದಿಯೊಂದು ಇನ್ನೂ ಬೇಡಿಕೆಪಟ್ಟಿಯಲ್ಲೇ ಉಳಿದಿದೆ.

ನಿಷೇಧ ಮುಂಚೆ ಬಂತು, ಆದರೆ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಡೆದದ್ದನ್ನು ಕಂಡವರು ಮರೆತಿಲ್ಲ. ತಲೆಮಾರುಗಳಿಂದ ಆ ಊರಿನ ಮಲ ಬಳಿದ ಭಂಗಿ ಸಮುದಾಯದ ಕೆಲವೇ ಕುಟುಂಬಗಳು ತಾವು ವಾಸವಿದ್ದ ಜಾಗದಿಂದ ಎತ್ತಂಗಡಿಯಾಗುವ ಸ್ಥಿತಿಗೆ ಬಂದವು. ಆ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟುವ ಯೋಚನೆ ಪುರಸಭೆಗಿತ್ತು. ಅರ್ಜಿ, ಮನವಿ ಯಾವುದಕ್ಕೂ ಉತ್ತರ ಬಾರದಿದ್ದಾಗ ಆ ಮಂದಿ ಪುರಸಭೆ ಕಚೇರಿಯೆದುರು ನಿಂತು ಮಲವನ್ನು ತಮ್ಮ ಮೈಮೇಲೆಯೇ ಸುರಿದುಕೊಂಡರು. ರಾಜ್ಯ ಬೆಚ್ಚಿತು. ಮಂತ್ರಿಗಳು ಬಂದರು, ಮಠಾಧೀಶರು ಬಂದರು, ಕ್ಯಾಮೆರಾಗಳು ಬಂದವು. ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಒಂದು ಸಣ್ಣ ಸಂಗತಿ. ಸಂಕೀರ್ಣ ಎಂದರೆ ಪುರಸಭೆಯ ಲೆಕ್ಕದಲ್ಲಿ ಅಭಿವೃದ್ಧಿ. ಬಾಡಿಗೆ ಬರುತ್ತದೆ, ಊರು ಚಂದ ಕಾಣುತ್ತದೆ, ಕಡತದಲ್ಲಿ ಎಲ್ಲವೂ ಸರಿಯಿದೆ. ಆ ಕಡತ ಮೇಜಿನಿಂದ ಮೇಜಿಗೆ ಹೋಗುವಾಗ ಅಲ್ಲಿ ಯಾರು ವಾಸವಿದ್ದಾರೆ ಎಂದು ಕೇಳುವ ಒಬ್ಬರೂ ಆ ಮೇಜುಗಳ ಹಿಂದೆ ಕೂತಿರಲಿಲ್ಲ.

ಬೆಂಗಳೂರಿನ ಕಥೆ ಇನ್ನೊಂದು ದಾರಿಯಿಂದ ಬಂತು. ಅಲ್ಲಿ ಕಸ ಆಯುವವರನ್ನು ನಗರಾಡಳಿತ ಬಹಳ ಕಾಲ ಕಂಡಿರಲಿಲ್ಲ. ಕಂಡಿದ್ದರೆ ಪೊಲೀಸರು ಕಂಡಿದ್ದರು, ಕಳ್ಳತನ ಆದಾಗ. ಬೆಳಗಿನ ಜಾವ ಚೀಲ ಹೆಗಲಿಗೇರಿಸಿ ಹೊರಟು, ಬಾಟಲಿ, ರಟ್ಟು, ತಗಡು ಆಯ್ದು ಗುಜರಿಗೆ ಮಾರುವ ಸಾವಿರಾರು ಜನ ನಗರಕ್ಕೆ ಬಿಡಿಗಾಸು ಖರ್ಚಿಲ್ಲದೆ ಕಸ ಕಡಿಮೆ ಮಾಡುತ್ತಿದ್ದರು. 2011ರಲ್ಲಿ ಲೋಕ ಅದಾಲತ್ ಅವರನ್ನು ನೋಂದಾಯಿಸಿ ಗುರುತಿನ ಚೀಟಿ ಕೊಡಿ ಎಂದು ಹೇಳಿದ ಮೇಲೆ ಆಗಿನ ಬಿಬಿಎಂಪಿ ಚೀಟಿ ಕೊಡಲು ಶುರುಮಾಡಿತು. ಅದರ ಮೇಲೆ ಪಾಲಿಕೆಯ ಲಾಂಛನ, ಆಯುಕ್ತರ ಸಹಿ. ಮನೆ ಬಾಡಿಗೆಗೆ ಕೇಳುವಾಗ, ಮಗುವನ್ನು ಶಾಲೆಗೆ ಸೇರಿಸುವಾಗ, ರಾತ್ರಿ ಬೀಟಿನ ಪೊಲೀಸ್ ತಡೆದಾಗ ಜೇಬಿನಿಂದ ತೆಗೆದು ತೋರಿಸಲು ಒಂದು ಕಾಗದ.

ಮರುವರ್ಷವೇ ನಗರದ ಕಸದ ವ್ಯವಸ್ಥೆ ಮಗುಚಿಬಿತ್ತು. ಬೆಂಗಳೂರಿನ ಕಸ ಹೊತ್ತು ಸಾಕಾಗಿದ್ದ ಮಾವಳ್ಳಿಪುರದ ಜನ ಲಾರಿ ತಡೆದರು, 2012ರಲ್ಲಿ ಅಲ್ಲಿನ ರಾಶಿಗೆ ಬೀಗ ಬಿತ್ತು. ಮುಂದೆ ಮಂಡೂರಿನಲ್ಲೂ ಅದೇ ಆಯಿತು. ಮೂಲದಲ್ಲೇ ವಿಂಗಡಿಸಿ, ವಾರ್ಡಿಗೊಂದು ಒಣತ್ಯಾಜ್ಯ ಕೇಂದ್ರ ಮಾಡಿ ಎಂದು ಹೈಕೋರ್ಟ್ ಬೆನ್ನು ಹತ್ತಿದಾಗ, ಒಣ ಕಸದ ನಾಡಿಮಿಡಿತ ಬಲ್ಲವರು ಯಾರೆಂದು ಹುಡುಕಿದರೆ ಸಿಕ್ಕಿದವರು ಅದೇ ಚೀಟಿಯವರು. ಹಸಿರು ದಳದಂಥ ಸಂಸ್ಥೆಗಳ ಜೊತೆಗೂಡಿ ಆಯುವವರೇ ಹಲವು ವಾರ್ಡುಗಳಲ್ಲಿ ಕೇಂದ್ರ ನಡೆಸತೊಡಗಿದರು. ಪ್ಲಾಸ್ಟಿಕ್ಕಿನಲ್ಲಿ ಎಷ್ಟು ಬಗೆ ಇದೆ, ಯಾವುದಕ್ಕೆ ಮಾರುಕಟ್ಟೆ ಇದೆ, ಯಾವುದನ್ನು ಮುಟ್ಟಿದರೆ ಕೈ ಸುಡುತ್ತದೆ ಎಂದು ಪರಿಸರ ಎಂಜಿನಿಯರಿಗೆ ಹೇಳಿಕೊಡುವ ಹೆಂಗಸರನ್ನು ನಾನು ಅಂಥ ಒಂದು ಕೇಂದ್ರದಲ್ಲಿ ನೋಡಿದ್ದೇನೆ. ಹಾಲಿನ ಕವರನ್ನು ಕಿವಿಯ ಬಳಿ ಹಿಡಿದು ಉಜ್ಜಿ, ಸದ್ದಿನಿಂದಲೇ ಇದು ಯಾವ ಜಾತಿ ಎಂದು ಹೇಳುತ್ತಿದ್ದರು. ಆ ಕೇಂದ್ರದಲ್ಲಿ ಜಾತಿ ಎಂಬ ಪದವನ್ನು ಪ್ಲಾಸ್ಟಿಕ್ಕಿಗೆ ಮಾತ್ರ ಬಳಸುತ್ತಿದ್ದರು. ಕೇಳಿ ನಗು ಬಂತು, ಹೊರಗೆ ಬಂದ ಮೇಲೆ ಅಷ್ಟು ಬರಲಿಲ್ಲ. ಪುಣೆಯಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಆಯುವವರೇ ಮಾಲೀಕರಾದ 'ಸ್ವಚ್ಛ್' ಸಹಕಾರ ಸಂಘ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ತಾನೇ ಶುಲ್ಕ ವಸೂಲು ಮಾಡುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಎಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದರ ಹಿಂದೆ ಇಂಥ ಊರುಗಳ ಅನುಭವ ಇದೆ.

ಹಳ್ಳಿಗೆ ಬರೋಣ. ಹಳ್ಳಿಯಲ್ಲಿ ಕಸ ಎಂಬುದೇ ಹೊಸ ವಸ್ತು. ನನ್ನ ಬಾಲ್ಯದಲ್ಲಿ ತಿಪ್ಪೆ ಇತ್ತು, ಕಸ ಇರಲಿಲ್ಲ. ತಿಪ್ಪೆಗೆ ಬಿದ್ದದ್ದು ಯುಗಾದಿ ಮುಗಿದ ಮೇಲೆ ಹೊಲಕ್ಕೆ ಹೋಗುತ್ತಿತ್ತು. ಈಗ ಗುಟ್ಕಾ ಪೊಟ್ಟಣ, ಶಾಂಪೂ ಸ್ಯಾಷೆ, ಡೈಪರ್, ಮದುವೆಮನೆಯ ನೀರಿನ ಬಾಟಲಿ ಬಿದ್ದ ತಿಪ್ಪೆಯನ್ನು ಯಾವ ರೈತನೂ ಹೊಲಕ್ಕೆ ಹೊಡೆಯುವುದಿಲ್ಲ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ಸುಮಾರು ಆರು ಸಾವಿರ. ಇವಕ್ಕೆ ಗಾಡಿ ಕೊಟ್ಟು, 'ಸ್ವಚ್ಛ ಸಂಕೀರ್ಣ' ಎಂಬ ವಿಂಗಡಣೆ ಘಟಕ ಕಟ್ಟಿಸಿ, ನಡೆಸುವ ಹೊಣೆಯನ್ನು ಸಂಜೀವಿನಿ ಯೋಜನೆಯ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟಕ್ಕೆ ಒಡಂಬಡಿಕೆಯ ಮೂಲಕ ಒಪ್ಪಿಸುವ ದಾರಿಯನ್ನು ಕರ್ನಾಟಕ ಹಿಡಿಯಿತು. ಸಾವಿರಾರು ಹೆಂಗಸರಿಗೆ ಗಾಡಿ ಓಡಿಸುವುದನ್ನು ಕಲಿಸಿ ಲೈಸೆನ್ಸ್ ಕೊಡಿಸಿತು. ಕರಾವಳಿಯಲ್ಲಿ ಇದಕ್ಕೂ ಮೊದಲೇ ಕೆಲಸ ನಡೆದಿತ್ತು. ಕುಂದಾಪುರದ ಹತ್ತಿರದ ವಂಡ್ಸೆ ಪಂಚಾಯಿತಿಯಲ್ಲಿ ಹೆಂಗಸರು ಮನೆಮನೆಯ ಕಸ ತಂದು, ಬಗೆಬಗೆಯಾಗಿ ಬೇರ್ಪಡಿಸಿ, ಮಾರಿ ಲೆಕ್ಕ ಬರೆಯುವುದನ್ನು ನೋಡಲು ಬೇರೆ ಜಿಲ್ಲೆಗಳ ಪಂಚಾಯಿತಿಯವರು ಬಸ್ಸು ಮಾಡಿಕೊಂಡು ಹೋಗುತ್ತಿದ್ದರು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣ ಕಸ ಒಂದೆಡೆ ಸೇರುವ ದೊಡ್ಡ ಘಟಕ ಬಂತು. ಒಂದೊಂದು ಪಂಚಾಯಿತಿಯ ಪ್ಲಾಸ್ಟಿಕ್ಕಿಗೆ ಗುಜರಿಯವನು ಹೇಳಿದ್ದೇ ದರ ಆಗುತ್ತಿದ್ದ ಕಾಲಕ್ಕೆ ಅದೊಂದು ಒಳ್ಳೆಯ ಉಪಾಯ.

ಗಾಡಿ ನಡೆಸುವ ಹೆಂಗಸನ್ನು ಕೇಳಿದೆ, ಲೈಸೆನ್ಸ್ ಬಂದ ದಿನ ಹೇಗನ್ನಿಸಿತು ಅಂತ. "ನಮ್ಮೆಜಮಾನ್ರಿಗೆ ಸೈಕಲ್ ಬಿಟ್ರೆ ಏನೂ ಬರಲ್ಲ ಕಣಣ್ಣ," ಅಂದಳು. ಅಷ್ಟೇ ಅಂದು ಗೇರು ಹಾಕಿದಳು. ಆ ಮಾತಿನಲ್ಲಿದ್ದ ಹೆಮ್ಮೆಯನ್ನು ಯಾವ ವರದಿಯ ಯಾವ ಕೋಷ್ಟಕದಲ್ಲಿ ತುಂಬುತ್ತಾರೋ ನನಗೆ ಗೊತ್ತಿಲ್ಲ. ಅವಳ ಮಗಳು ಶಾಲೆಯಲ್ಲಿ 'ನಮ್ಮಮ್ಮ ಡ್ರೈವರ್' ಎನ್ನುತ್ತಾಳಂತೆ. 'ಕಸದವಳು' ಅನ್ನುವ ಮಾತಿಗೂ 'ಡ್ರೈವರ್' ಅನ್ನುವ ಮಾತಿಗೂ ನಡುವೆ ಒಂದು ಊರಿನಷ್ಟು ದೂರ ಇದೆ. ಆ ದೂರವನ್ನು ಒಂದು ಲೈಸೆನ್ಸ್ ದಾಟಿಸಿತು ಎಂಬುದನ್ನು ನಾನು ಕಡೆಗಣಿಸಲಾರೆ.

ಆದರೆ ಗಾಡಿಯಿಂದ ಇಳಿದು ಘಟಕದೊಳಗೆ ಹೋಗಿ. ತಗಡಿನ ಚಾವಣಿ, ಸಿಮೆಂಟಿನ ಉದ್ದ ಮೇಜು. ಬಿಸಿಲೇರುವ ಹೊತ್ತಿಗೆ ಒಳಗೆ ಬಾಣಲೆ. ಮೇಜಿನ ಸುತ್ತ ನಾಲ್ವರು ನಿಂತು ಚೀಲ ಬಿಚ್ಚುತ್ತಾರೆ. ಬೇರ್ಪಡಿಸದ ಚೀಲದಿಂದ ಬರುವುದು ಅನ್ನ ಮೆತ್ತಿದ ಕವರು, ಒಡೆದ ಟ್ಯೂಬ್‌ಲೈಟು, ಬ್ಲೇಡು, ಸುತ್ತದೆ ಎಸೆದ ಸ್ಯಾನಿಟರಿ ಪ್ಯಾಡು. ವರ್ಷಕ್ಕೊಮ್ಮೆ ಕೊಡುವ ಗ್ಲೌಸು ಮೂರನೇ ವಾರಕ್ಕೆ ಬೆರಳ ತುದಿಯಲ್ಲಿ ಹರಿದಿದೆ. ಹರಿದ ಜಾಗಕ್ಕೆ ಅದೇ ಕಸದಲ್ಲಿ ಸಿಕ್ಕ ಸೆಲ್ಲೋಟೇಪು ಸುತ್ತಿಕೊಂಡಿದ್ದಾರೆ. ಕೈ ತೊಳೆಯಲು ನಲ್ಲಿ ಇದೆ, ನೀರು ಎರಡು ದಿನಕ್ಕೊಮ್ಮೆ. ಶೌಚಾಲಯ ಇಲ್ಲ. ಊರೂರಿಗೆ ಶೌಚಾಲಯದ ಪಾಠ ಹೇಳುವ ಕಾರ್ಯಕ್ರಮದ ಅಡಿಯಲ್ಲೇ ಕಟ್ಟಿದ ಕಟ್ಟಡ ಇದು. ನಾಲ್ವರೂ ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದೇವೆ ಎಂದರು.

ಆ ನಾಲ್ವರಲ್ಲಿ ಮೂವರು ಕಾಲೋನಿಯವರು. ಡ್ರೈವರ್ ಕೆಲಸಕ್ಕೆ ಸಂಘಗಳಿಂದ ಹಲವು ಹೆಸರು ಬಂದಿದ್ದವಂತೆ, ಎಲ್ಲ ಜಾತಿಯವರದೂ. ಮೇಜಿನ ಮುಂದೆ ನಿಲ್ಲುವ ಕೆಲಸಕ್ಕೆ ಬಂದದ್ದು ಇಷ್ಟೇ ಹೆಸರು. ಯಾರೂ ಯಾರನ್ನೂ ಬಲವಂತ ಮಾಡಲಿಲ್ಲ, ಆದೇಶದಲ್ಲಿ ಜಾತಿಯ ಮಾತೇ ಇಲ್ಲ. ಆದರೂ ಕೆಲಸ ತನ್ನ ಹಳೆಯ ಬಿಲವನ್ನೇ ಹುಡುಕಿಕೊಂಡು ಹೋಗಿ ಕೂತಿತು. ಕಸವನ್ನು 'ಸಂಪನ್ಮೂಲ' ಎಂದು ಕರೆದರೆ ಸಾಲದು ಎಂದು ನನಗೆ ಅನ್ನಿಸುವುದು ಇಲ್ಲಿ. ಸಂಪನ್ಮೂಲವೇ ಆಗಿದ್ದರೆ ಅದಕ್ಕೆ ಊರಿನ ಎಲ್ಲರೂ ಮುಗಿಬೀಳಬೇಕಿತ್ತಲ್ಲ.

ದುಡ್ಡಿನ ಮಾತು. ಈ ಹೆಂಗಸರಿಗೆ ಸಿಗುವುದು ವೇತನ ಅಲ್ಲ, ಗೌರವಧನ. ಅವರು ಪಂಚಾಯಿತಿಯ ನೌಕರರಲ್ಲ, ಒಕ್ಕೂಟದ ಕಡೆಯವರು. ಒಕ್ಕೂಟಕ್ಕೆ ಪಂಚಾಯಿತಿ ಕೊಡಬೇಕು. 15ನೇ ಹಣಕಾಸು ಆಯೋಗ ಗ್ರಾಮೀಣ ಸಂಸ್ಥೆಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿತ್ತು. ಹಾಗಿದ್ದೂ ನಾನು ನೋಡಿದ ಊರಲ್ಲಿ ಮೂರು ತಿಂಗಳ ಬಾಕಿ ಇತ್ತು. ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಊರಿಗೆ ಊರೇ ಕಚೇರಿ ಮುಂದೆ ನಿಲ್ಲುತ್ತದೆ, ದುಡ್ಡು ಆ ಸಂಜೆಯೇ ಹೊರಡುತ್ತದೆ. ಆರು ಜನ ಹೆಂಗಸರ ಗೌರವಧನ ನಿಂತರೆ ಊರಿಗೆ ತಿಳಿಯುವುದೇ ಇಲ್ಲ, ಏಕೆಂದರೆ ಗಾಡಿ ಮರುದಿನವೂ ಬರುತ್ತದೆ. ಗೌರವಧನ ಎಂಬ ಪದ ಕಂಡುಹಿಡಿದವರಿಗೆ ಯಾರಾದರೂ ಒಂದು ತಿಂಗಳು ಸಂಬಳದ ಬದಲು ಬರೀ ಗೌರವ ಕೊಟ್ಟು ನೋಡಬೇಕಿತ್ತು.

ನಗರದ ಪೌರಕಾರ್ಮಿಕರು ಈ ಜಾಗದಿಂದ ಹೋರಾಡಿಕೊಂಡೇ ಮೇಲೆದ್ದು ಬಂದವರು. ಗುತ್ತಿಗೆದಾರನ ಕೈಯಿಂದ ಕೂಲಿ ಪಡೆಯುತ್ತಿದ್ದವರಿಗೆ ಬೆಂಗಳೂರಿನಲ್ಲಿ 2017ರ ಹೊತ್ತಿಗೆ ಪಾಲಿಕೆಯಿಂದ ನೇರ ವೇತನ ಬಂತು. 2022ರ ಜುಲೈನಲ್ಲಿ ರಾಜ್ಯದಾದ್ಯಂತ ಕೆಲಸ ನಿಲ್ಲಿಸಿದರು. ನಾಲ್ಕು ದಿನ ಕಸ ಬೀದಿಯಲ್ಲಿ ಬಿದ್ದ ಮೇಲೆ ಸರ್ಕಾರ ಕಾಯಂ ಮಾಡುವ ಮಾತಾಡಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ಸಿಕ್ಕಿತು. ಪಂಚಾಯಿತಿ ಗಾಡಿಯ ಹೆಂಗಸರಿಗೆ ಇಂಥ ಸಂಘಬಲ ಇಲ್ಲ. ಒಂದು ಊರಿಗೆ ಐದಾರು ಜನ, ಪಕ್ಕದ ಊರಿನವರ ಪರಿಚಯವೂ ಅಷ್ಟಕ್ಕಷ್ಟೆ.

ಹಾಗಾದರೆ ಅವರು ಕೇಳಬೇಕಾದ್ದನ್ನು ಎಲ್ಲಿ ಕೇಳಬೇಕು? ಕಾಗದದ ಮೇಲೆ ಉತ್ತರ ಸುಲಭ. ವಾರ್ಡ್ ಸಭೆ, ಗ್ರಾಮಸಭೆ. ಈ ವಿಷಯದಲ್ಲಿ ಕರ್ನಾಟಕದ ಕಾನೂನು ಬಡವಾಗಿಲ್ಲ. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಪಂಚಾಯಿತಿ ಕಾಯ್ದೆಯೇ ಹೆಂಗಸರಿಗೆ ಶೇ 25 ಮೀಸಲಾತಿ ಇಟ್ಟಿತ್ತು. 1987ರ ಚುನಾವಣೆಯಲ್ಲಿ ಸಾವಿರಾರು ಹೆಂಗಸರು ಮಂಡಲ ಪಂಚಾಯಿತಿಗೆ ಬಂದರು. ಸಂವಿಧಾನದ 73ನೇ ತಿದ್ದುಪಡಿ ಇನ್ನೂ ಆರು ವರ್ಷ ದೂರದಲ್ಲಿತ್ತು. 2010ರಲ್ಲಿ ಹೆಂಗಸರ ಮೀಸಲಾತಿ ಅರ್ಧಕ್ಕೆ ಏರಿತು. ಸಭೆಗೆ ಬಂದವರಲ್ಲಿ ಶೇ 30ರಷ್ಟಾದರೂ ಹೆಂಗಸರು, ಜನಸಂಖ್ಯೆಗೆ ತಕ್ಕಷ್ಟು ಪರಿಶಿಷ್ಟ ಜಾತಿ, ಪಂಗಡದವರು ಇರಬೇಕು ಎಂಬ ಆಶಯವೂ ಕಾಯ್ದೆಯಲ್ಲಿದೆ. ಆದರೆ ನಮ್ಮೂರಲ್ಲಿ ಸಭೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಗಾರ್ಮೆಂಟ್ಸಿನಲ್ಲಿ ಮಷೀನು ಓಡುವ ಹೊತ್ತು, ಘಟಕದಲ್ಲಿ ಚೀಲ ಬಿಚ್ಚುವ ಹೊತ್ತು. ಸಭೆಯ ಮಾರನೇ ದಿನ ನೀರುಗಂಟಿ ಪುಸ್ತಕ ಹಿಡಿದು ಮನೆಮನೆಗೆ ಬಂದು ಸಹಿ ಮಾಡಿಸಿಕೊಳ್ಳುತ್ತಾನೆ. ನಮ್ಮಮ್ಮ ಅಂಥ ಎಷ್ಟೋ ಗ್ರಾಮಸಭೆಗಳಿಗೆ ಒಲೆ ಮುಂದೆ ಕೂತೇ ಹಾಜರಾಗಿದ್ದಾಳೆ. ಅಧ್ಯಕ್ಷೆಯ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕೂತು ಮೈಕಿನಲ್ಲಿ ಮಾತಾಡುವ ಆಕೆಯ ಯಜಮಾನರ ಬಗ್ಗೆ ಕನ್ನಡದಲ್ಲಿ ಈಗಾಗಲೇ ಬೇಕಾದಷ್ಟು ನಗೆಹನಿ ಬಂದಿವೆ, ನಾನು ಇನ್ನೊಂದು ಸೇರಿಸುವುದಿಲ್ಲ.

ಒಳಗೊಳ್ಳುವುದನ್ನು ನಮ್ಮ ಸ್ಥಳೀಯ ಸಂಸ್ಥೆಗಳು ಶೇಕಡಾವಾರು ಲೆಕ್ಕದಲ್ಲಿ ಕಲಿತಿವೆ. ನಗರಸಭೆಗಳಲ್ಲಿ ಯಾವ ಅಧಿಕಾರಿಯನ್ನು ಕೇಳಿದರೂ 'ಶೇ 24.10, ಶೇ 7.25, ಶೇ 5' ಎಂದು ಮಗ್ಗಿಯಂತೆ ಹೇಳುತ್ತಾರೆ. ಹಣದಲ್ಲಿ ತೆಗೆದಿಡುವ ಈ ಪಾಲುಗಳಲ್ಲಿ ಮೊದಲನೆಯದು ಪರಿಶಿಷ್ಟರಿಗೆ, ಎರಡನೆಯದು ಇತರ ಬಡವರಿಗೆ, ಮೂರನೆಯದು ಅಂಗವಿಕಲರಿಗೆ. ಈ ಲೆಕ್ಕ ಇಲ್ಲದಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ, ಒಪ್ಪುತ್ತೇನೆ. ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರುವುದೂ, ಆ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಂಡಿರುವುದೂ ಈ ರಾಜ್ಯದ ಒಳ್ಳೆಯ ಕೆಲಸಗಳಲ್ಲಿ ಒಂದು. ಆದರೆ ಲೆಕ್ಕ ಮುಗಿಸಲಿಕ್ಕೆ ಕಟ್ಟಿದ್ದು ಹೇಗಿರುತ್ತದೆ ಎಂದರೆ ಪಂಚಾಯಿತಿ ಮೆಟ್ಟಿಲ ಪಕ್ಕದ ಇಳಿಜಾರು ನೋಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎನ್ನುವುದು ನಿಯಮ. ಇಲ್ಲಿ ಎರಡಡಿ ಎತ್ತರಕ್ಕೆ ಆರಡಿ ಇದೆ, ಮೇಲೆ ಹೋದರೆ ಬಾಗಿಲಿಗೆ ಮುಂಚೆ ಇನ್ನೊಂದು ಹೊಸ್ತಿಲು. ಊರಿನ ಕಾರ್ಯಕರ್ತ ಪೋಲಿಯೊದಿಂದ ಒಂದು ಕಾಲು ಸೊರಗಿದವನು. ಅವನು ಮೆಟ್ಟಿಲಲ್ಲೇ ಹತ್ತುತ್ತಾನೆ. "ಅದ್ರಲ್ಲಿ ಹತ್ತಿದ್ರೆ ಇನ್ನೊಂದು ಕಾಲೂ ಹೋಗ್ತದೆ ಸಾ" ಅಂದ. ಕಟ್ಟುವಾಗ ನಿನ್ನನ್ನು ಕೇಳಿದ್ದರಾ ಅಂದೆ. ಉದ್ಘಾಟನೆಗೆ ಕರೆದಿದ್ದರಂತೆ.

ಕೇಳಿದರೆ ಏನಾಗುತ್ತದೆ ಎನ್ನುವುದನ್ನು ಮಕ್ಕಳ ಗ್ರಾಮಸಭೆಯಲ್ಲಿ ನೋಡಬೇಕು. 1990ರ ದಶಕದಲ್ಲಿ ಕುಂದಾಪುರ ಸೀಮೆಯಲ್ಲಿ ದುಡಿಯುವ ಮಕ್ಕಳ ನಡುವೆ ಕೆಲಸ ಮಾಡಿದವರು ಮಕ್ಕಳ ಪಂಚಾಯಿತಿ ಕಟ್ಟಿಸಿದರು. ಆ ಮಕ್ಕಳು ಕಾಲುಸಂಕದಿಂದ ಹಿಡಿದು ಹೆಂಡದಂಗಡಿಯವರೆಗೆ ದೊಡ್ಡವರ ಕಣ್ಣಿಗೆ ಬೀಳದ್ದನ್ನೆಲ್ಲ ಪಟ್ಟಿ ಮಾಡಿ ಮುಂದಿಟ್ಟರು. 2006ರಲ್ಲಿ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದು ಹೇಳಿತು. ನಮ್ಮೂರಿನ ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಮೊದಲ ಅರ್ಧ ಗಂಟೆ ಸ್ವಾಗತ, ಹಾರ, ಬಿಸ್ಕತ್ತು. ಆಮೇಲೆ ಏಳನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು ಚೀಟಿ ನೋಡದೆ ಹೇಳಿದಳು. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಶಾಲೆಯ ಹಿಂದೆ ಪ್ಲಾಸ್ಟಿಕ್ ಸುಡುತ್ತಾರೆ, ಆ ದಿನ ನಾವು ಊಟದ ತಟ್ಟೆ ಹಿಡಿದುಕೊಂಡು ಮುಂದಿನ ಜಗಲಿಗೆ ಹೋಗುತ್ತೇವೆ, ಅಲ್ಲಿ ಎಲ್ಲರಿಗೂ ಜಾಗ ಸಾಲುವುದಿಲ್ಲ, ಚಿಕ್ಕವರು ಬಿಸಿಲಲ್ಲಿ ಕೂರುತ್ತಾರೆ. ದಿನ, ಹೊತ್ತು, ಜಾಗ ಎಲ್ಲ ಇದೆ. ಯಾರು ಸುಡುತ್ತಿದ್ದರು? ಮಾರಲಾಗದ ಪ್ಲಾಸ್ಟಿಕ್ಕನ್ನು ಎಲ್ಲಿಗೆ ಕಳಿಸಬೇಕೆಂದು ಗೊತ್ತಿಲ್ಲದ ನಮ್ಮದೇ ಘಟಕದವರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮುಖ ಸಣ್ಣದಾಯಿತು. ಸುಡುವುದು ಆ ವಾರವೇ ನಿಂತಿತು, ಪ್ಲಾಸ್ಟಿಕ್ ಚೀಲಗಳು ಘಟಕದ ಹಿಂದೆ ಗುಡ್ಡೆ ಬೀಳತೊಡಗಿದವು. ಅದು ಇನ್ನೊಂದು ತಲೆನೋವು, ಅದನ್ನು ಇಲ್ಲಿ ಬಗೆಹರಿಸಲಾರೆ.

ಪಿಡಿಒ ಕೆಟ್ಟ ಮನುಷ್ಯಳಲ್ಲ. ಮೂವತ್ತು ದಾಟಿದ ಹೆಣ್ಣುಮಗಳು, ಎರಡು ಪಂಚಾಯಿತಿ ಪ್ರಭಾರ, ದಿನಕ್ಕೆ ಮೂರು ವಿಡಿಯೊ ಕಾನ್ಫರೆನ್ಸ್. ಗಾಡಿಯ ದಾರಿಯ ವಿಷಯ ಎತ್ತಿದೆ. "ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ ಸರ್" ಅಂದರು. ಕಂಪ್ಲೇಂಟ್ ಕೊಡುವವರು ಆ ಹೊತ್ತಿಗೆ ಗಾರ್ಮೆಂಟ್ಸಿನಲ್ಲಿರುತ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ವಾರ್ಡ್ ಸಭೆಯನ್ನು ಕಾಲೋನಿಯಲ್ಲೇ ಇಡೋಣ, ಸಂಜೆ ಏಳಕ್ಕೆ ಇಡೋಣ ಅಂದರು. ಅದಕ್ಕೆ ಯಾವ ಸುತ್ತೋಲೆಯೂ ಬೇಕಿರಲಿಲ್ಲ, ಒಂದು ಟ್ಯೂಬ್‌ಲೈಟು ಬೇಕಿತ್ತು.

ಮಾರಮ್ಮನ ಗುಡಿಯ ಮುಂದೆ ಚಾಪೆ ಹಾಸಿದರು. ಗಾರ್ಮೆಂಟ್ಸ್ ಬಸ್ಸು ಇಳಿದವರು ಟಿಫನ್ ಬ್ಯಾಗಿನ ಸಮೇತ ಬಂದು ಕೂತರು. ಮೊದಲು ಮನೆ ಪಟ್ಟಿಯ ಜಗಳ, ಆಮೇಲೆ ಚರಂಡಿ, ಆಮೇಲೆ ಪಿಂಚಣಿ ನಿಂತುಹೋದ ಅಜ್ಜಿಯ ಗೋಳು. ಎಂಟೂವರೆ ದಾಟಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬಳು, ಕೂತಲ್ಲಿಂದಲೇ, "ಮೇಡಂ, ಗಾಡಿ ಕಾಲೋನಿಗೆ ಎಷ್ಟೊತ್ತಿಗೆ ಬತ್ತದೆ?" ಅಂದಳು. ಹತ್ತೂಕಾಲು ಎಂದು ಬೇರೆಯವರೇ ಉತ್ತರ ಕೊಟ್ಟು ನಕ್ಕರು. ಡ್ರೈವರ್ ಹೆಂಗಸು ಗುಡಿಯ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ನಗಲಿಲ್ಲ. "ನಂಗೆ ಬರ್ಕೊಟ್ಟಿರೋ ಚೀಟೀಲಿ ದೊಡ್ಡಬೀದಿ ಮೊದ್ಲು ಅಂತ ಐತೆ. ಚೀಟಿ ತಿದ್ದಿಕೊಡಿ, ಇಲ್ಲಿಂದ್ಲೇ ಹೊರಡ್ತೀನಿ" ಅಂದಳು. ಪಿಡಿಒ ನಡವಳಿ ಪುಸ್ತಕದಲ್ಲಿ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿ ಅಂತ ಹಿಂದಿನ ಸಾಲಿನವಳು ಬಿಡಲಿಲ್ಲ, ಓದಿಸಿದಳು.

ನಾನು ಊರು ಬಿಟ್ಟು ಬಂದ ಮೇಲೆ ತಮ್ಮ ಫೋನಿನಲ್ಲಿ ಹೇಳಿದ. ಈಗ ಗಾಡಿ ಆರೂಮುಕ್ಕಾಲಿಗೆ ಕಾಲೋನಿಯಿಂದ ಶುರುವಾಗುತ್ತದಂತೆ. ದೊಡ್ಡಬೀದಿಗೆ ಬರುವಾಗ ಒಂಬತ್ತಾಗುತ್ತದೆ. ಜಗಲಿಯ ಮೇಲೆ ಪೇಪರ್ ಓದುವ ಹಿರಿಯರು ಮೊದಲ ದಿನವೇ ಪಂಚಾಯಿತಿಗೆ ಫೋನ್ ಮಾಡಿದರಂತೆ. "ಎಂಟೂವರೆ ಆಯ್ತು, ಇನ್ನೂ ಗಾಡಿ ಬಂದಿಲ್ಲವಲ್ಲಯ್ಯ, ನಾಯಿಗಳು ಬಕೆಟ್ಟು ಉರುಳಿಸ್ತಾ ಇವೆ!" ಫೋನ್ ಎತ್ತಿದ್ದ ನೀರುಗಂಟಿ, "ಬಕೆಟ್ ಸ್ವಲ್ಪ ಒಳಗಿಟ್ಕೊಳಿ ಸ್ವಾಮಿ, ಬತ್ತದೆ" ಅಂದನಂತೆ.